ದುಡಿಮೆಯೂ ಏಳಿಗೆಯೂ: ಸರ್ ನಾರಾಯಣ ಗಣೇಶ ಚಂದಾವರಕರರ ಜೀವನಚರಿತ್ರೆ

ಶಾಲೆಗಳ ಬಹುಮಾನ ಸಮಾರಂಭಗಳಲ್ಲಿ ಹಿರಿಯರು ಮಕ್ಕಳಿಗೆ ಮಾಡುವ ಉಪದೇಶವು ಬಹುಕಾಲದಿಂದಲೂ ಒಂದೇ ತೆರನಾದುದು. ಕಷ್ಟಪಟ್ಟು ಓದಬೇಕು, ಪ್ರಾಮಾಣಿಕವಾಗಿ ದುಡಿಯಬೇಕು, ಹಾಗೆ ಮಾಡಿದವರಿಗೆ ಏಳಿಗೆಯು ತಪ್ಪದೆ ಒದಗುವುದು ಎಂಬದೇ ಅದರ ಸಾರ. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ಕೇಳದೆ ನಮ್ಮಲ್ಲಿ ಯಾರೂ ದೊಡ್ಡವರಾಗಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರೂ ಅಜ್ಜಿಯರೂ ಆಗಿ ಆ ಗಾದೆಯನ್ನು ತಮ್ಮ ಮನೆಗಳಲ್ಲಿ ಮುಂದುವರಿಸಿಕೊಂಡು ಬಂದಿರುತ್ತಾರೆ. ಆದರೆ ಹೀಗೆ ಹೇಳುವಾಗ ಅವರ ಮನಸ್ಸಿನಲ್ಲಿ ಒಂದು ಸಂಶಯವು ಇಣುಕದೆ ಇರಲಾರದು. ನಸುಕಿನಲ್ಲೆದ್ದು ಮೊಗ್ಗು ಕೊಯ್ದು ಮಲ್ಲಿಗೆ ಕಟ್ಟುವ ಭಟ್ಕಳದ ಹೆಂಗಸು, ಬುಟ್ಟಿಯನ್ನು ತಲೆಯ ಮೇಲಿಟ್ಟು ಬಿಸಿಲಲ್ಲಿ ಮನೆಮನೆಗೆ ಮೀನು ಮಾರುವ ಹೊನ್ನಾವರದ ಹೆಂಗಸು, ಮಳೆಯಲ್ಲಿ ಸೊಂಟ ಬಗ್ಗಿಸಿ ನೆಟ್ಟಿ ಮಾಡುವ ಕುಮಟೆಯ ಕಡೆಯ ಹೆಂಗಸು, ಇವರಿಗಿಂತ ಹೆಚ್ಚು ದುಡಿಯುವವರನ್ನು ನಾವು ಕಂಡಿಲ್ಲ. ಕೆಸರಾದ ಕೈಗಳನ್ನು ದಿನವೂ ಕಾಣುತ್ತೇವೆ. ಮೊಸರು ಮಾತ್ರ ಎಲ್ಲ ಬಾಯಿಗಳಿಗೂ ತಲುಪಿದ್ದನ್ನು ಕಾಣೆವು.

ಬಂಡವಾಳವೇ ಯಜಮಾನನಾಗಿರುವ ಲೋಕದಲ್ಲಿ ಬರಿಯ ದುಡಿಮೆಯಿಂದ ಮನುಷ್ಯನು ಮೇಲಕ್ಕೆ ಬರುವನೋ ಇಲ್ಲವೋ ಎಂಬ ಈ ಪ್ರಶ್ನೆಯನ್ನು ಇಟ್ಟುಕೊಂಡು ನಾವು ನಮ್ಮ ಕರಾವಳಿಯ ಒಬ್ಬ ಪ್ರಸಿದ್ಧ ಪುರುಷರ ಚರಿತ್ರೆಯನ್ನು ಇಲ್ಲಿ ಬರೆಯಲುದ್ದೇಶಿಸಿದ್ದೇವೆ. ಪರಿಶ್ರಮದಿಂದ ಮೇಲೆ ಬಂದವರ ಹೆಸರುಗಳನ್ನು ಎಣಿಸುವಾಗ ನಮ್ಮ ಜಿಲ್ಲೆಯವರು ಸರ್ ನಾರಾಯಣ ಗಣೇಶ ಚಂದಾವರಕರರ ಹೆಸರನ್ನು ಮೊದಲಿನ ಸಾಲಿನಲ್ಲಿಯೇ ಹೇಳುವರು. ಅದು ಯೋಗ್ಯವೇ. ಆದರೆ ಅವರ ಚರಿತ್ರೆಯನ್ನು ಪೂರ್ತಿಯಾಗಿ ನೋಡಿದರೆ ಅದು ಗಾದೆಗೆ ಸಾಕ್ಷಿ ಹೇಳುವಂತೆಯೇ ಗಾದೆಯನ್ನು ಪ್ರಶ್ನಿಸುವುದೂ ಉಂಟು.

ಚಂದಾವರಕರರು ೧೮೫೫ನೆಯ ಇಸವಿ ಡಿಸೆಂಬರ್ ೨ನೆಯ ತಾರೀಖಿನಲ್ಲಿ ಶರಾವತಿಯು ಕಡಲನ್ನು ಸೇರುವ ಹೊನ್ನಾವರದಲ್ಲಿ ಹುಟ್ಟಿದರು. ಅವರ ಮನೆತನಕ್ಕೆ ಹೆಸರನ್ನಿತ್ತ ಚಂದಾವರವು ಹೊನ್ನಾವರಕ್ಕೂ ಕುಮಟೆಗೂ ನಡುವೆ ಇರುವ ಹಳೆಯ ಊರು; ಒಂದು ಕಾಲದಲ್ಲಿ ಕೋಟೆಯನ್ನೂ ವ್ಯಾಪಾರವನ್ನೂ ಪಡೆದು ಮೆರೆದು ಆ ಮೇಲೆ ಹಾಳುಬಿದ್ದಿತು. ತಾಯಿಯ ಕಡೆಯವರಾದ ಕಾಯ್ಕಿಣಿಯವರಿಗೆ ಆ ಹೆಸರು ಬಂದದ್ದು ಭಟ್ಕಳ ತಾಲೂಕಿನ ಮುರ್ಡೇಶ್ವರದ ಸಮೀಪದ ಕಾಯ್ಕಿಣಿ ಗ್ರಾಮದಿಂದ. ಹೀಗೆ ಮೂರು ತಾಲೂಕುಗಳೂ ಈ ಪುರುಷರಲ್ಲಿ ತಮ್ಮ ಪಾಲನ್ನು ಕೇಳಬಹುದು. ಇವರು ಹುಟ್ಟಿದ ಸಾರಸ್ವತ ಸಮಾಜವು ಜಮೀನು ಹೆಚ್ಚಾಗಿ ಇಲ್ಲದಿದ್ದರೂ ಲೆಕ್ಕಪತ್ರ, ಶಾನುಭೋಗಿಕೆ, ಕಚೇರಿಯ ಬರವಣಿಗೆ ಇವುಗಳಲ್ಲಿ ತಲೆತಲಾಂತರದಿಂದ ಪಳಗಿದುದಾಗಿತ್ತು. ಅಕ್ಷರವೇ ಆ ಸಮಾಜದ ಮೂಲಧನವೆಂದರೂ ಸಲ್ಲುವುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ನಾರಾಯಣರಾಯರು ಏಳು ವರ್ಷದ ಬಾಲಕರಾಗುವ ಹೊತ್ತಿಗೆ ಕರಾವಳಿಯಲ್ಲಿ ಎರಡು ದೊಡ್ಡ ಬದಲಾವಣೆಗಳು ನಡೆದುವು. ಮೊದಲನೆಯದು, ಅಲ್ಲಿಯವರೆಗೆ ಮದ್ರಾಸು ಆಧಿಪತ್ಯಕ್ಕೆ ಸೇರಿದ್ದ ಉತ್ತರ ಕನ್ನಡವನ್ನು ೧೮೬೨ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದ್ದು. ಧಾರವಾಡದ ಹತ್ತಿಯನ್ನು ಕಡಲಿಗೆ ಸಾಗಿಸುವ ದಾರಿಯೂ ಬಂದರವೂ ಒಂದೇ ಸರಕಾರದ ಕೈಯಲ್ಲಿರಲೆಂಬ ವ್ಯಾಪಾರಸ್ಥರ ಆಸೆಯು ಇದರ ಹಿಂದೆ ಇದ್ದಿತು. ಎರಡನೆಯದು ಅಮೇರಿಕದ ಅಂತರ್ಯುದ್ಧ. ೧೮೬೧ರಲ್ಲಿ ಆ ಯುದ್ಧವು ಮೊದಲಾಗಿ ಅಲ್ಲಿಯ ಹತ್ತಿಯು ಇಂಗ್ಲೆಂಡಿನ ಗಿರಣಿಗಳಿಗೆ ಹೋಗದಂತಾದಾಗ ಹಿಂದುಸ್ಥಾನದ ಹತ್ತಿಗೆ ಬಂಗಾರದ ಬೆಲೆ ಬಂದಿತು.

ಕುಮಟೆಯ ಹಳಬರ ಮನೆಗಳಲ್ಲಿ ಆ ಕಾಲದ ವೈಭವದ ಕತೆಗಳು ಬಹಳ ದಿನ ಉಳಿದಿದ್ದುವು. ಧಾರವಾಡ, ಹುಬ್ಬಳ್ಳಿ, ಗದಗಗಳ ಕಡೆಯಿಂದ ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ಎತ್ತಿನ ಬಂಡಿಗಳು ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ ಬರುತ್ತಿದ್ದುವು. ಅಲ್ಲಿಂದ ಹಡಗುಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ. ಜಗತ್ತಿನ ಪೇಟೆಯಲ್ಲಿ ಕುಮಟಾ ಹತ್ತಿಯೆಂಬ ಹೆಸರು ಹುಟ್ಟಿದ್ದು ಹೀಗೆ. ಕುಮಟೆಯ ಮಣ್ಣಿನಲ್ಲಿ ಆ ಹತ್ತಿಯು ಬೆಳೆಯುತ್ತಿರಲಿಲ್ಲ. ಬೆಳೆದವನ ಊರಿನ ಹೆಸರು ಬಿಟ್ಟುಹೋಗಿ ಹಡಗು ಹತ್ತಿಸಿದ ಊರಿನ ಹೆಸರು ಅದಕ್ಕೆ ಅಂಟಿತು. ವ್ಯಾಪಾರದ ಲೋಕದ ರೀತಿಯೇ ಹಾಗೆ.

ಈ ವೈಭವವು ಹೇಗೆ ಹೋಯಿತೆಂಬದನ್ನೂ ನೋಡಬೇಕು. ೧೮೬೫ರಲ್ಲಿ ಅಮೇರಿಕದ ಯುದ್ಧವು ಮುಗಿದೊಡನೆ ಹತ್ತಿಯ ಬೆಲೆ ಕುಸಿಯಿತು. ಹತ್ತಿಯ ಲಾಭವನ್ನು ನಂಬಿ ಮುಂಬಯಿಯಲ್ಲಿ ಹುಟ್ಟಿದ್ದ ಬೇಂಕುಗಳೂ ಸಮುದ್ರ ತುಂಬಿಸುವ ಕಂಪೆನಿಗಳೂ ಒಂದರ ಮೇಲೊಂದು ಮುರಿದುಬಿದ್ದುವು. ಆದರೂ ಕುಮಟೆಯ ಬಂದರವು ಇನ್ನಷ್ಟು ಕಾಲ ಉಸಿರು ಹಿಡಿದಿತ್ತು. ೧೮೮೦ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯು ಹುಬ್ಬಳ್ಳಿ ಧಾರವಾಡಗಳಿಗೆ ಬಂದು, ಗೋವೆಯ ಮರ್ಮಗೋವೆ ಬಂದರದವರೆಗೆ ಹಳಿಗಳು ಸೇರಿದ ಬಳಿಕ ಘಟ್ಟವಿಳಿಯುವ ಹತ್ತಿಯ ಬಂಡಿಗಳ ಸಾಲು ಕ್ಷೀಣಿಸುತ್ತ ಬಂದಿತು. ಬಂಡಿ ಹೊಡೆಯುವವನು ಮೊದಲಿಗಿಂತ ಕಡಿಮೆ ದುಡಿದನೆಂದು ಹೀಗಾಯಿತೇ? ಅಂಡಿಗೆ ಹೊರುವ ಕೂಲಿಯು ಸೋಮಾರಿಯಾದನೇ? ಅವರ ಪರಿಶ್ರಮವು ಮೊದಲಿನಂತೆಯೇ ಇದ್ದಿತು. ಅದರ ಬೆಲೆಯನ್ನು ಕಟ್ಟುವವರು ಮಾತ್ರ ಬೇರೆಲ್ಲಿಯೋ ಇದ್ದರು. ಕುಮಟೆ, ಹೊನ್ನಾವರ, ಭಟ್ಕಳಗಳ ಮೂಲಕ ಮುಂಬಯಿಗೂ ಮಂಗಳೂರಿಗೂ ರೈಲು ಓಡಾಡುವುದಕ್ಕೆ ೧೯೯೮ರ ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ನಾಲ್ಕೈದು ತಲೆಮಾರಿನ ಜನರು ಹೊಟ್ಟೆಪಾಡಿಗಾಗಿ ಊರು ಬಿಟ್ಟಾಗಿತ್ತು.

ಹಾಗೆ ಊರು ಬಿಟ್ಟವರಲ್ಲಿ ನಾರಾಯಣರಾಯರೂ ಒಬ್ಬರು. ಆದರೆ ಅವರು ಹೋದ ರೀತಿಯು ಬೇರೆ. ಅವರ ಸೋದರಮಾವಂದಿರಾದ ಶಾಮರಾವ್ ವಿಠಲ ಕಾಯ್ಕಿಣಿಯವರು ಮುಂಬಯಿ ಹೈಕೋರ್ಟಿನಲ್ಲಿ ಹೆಸರಾದ ವಕೀಲರಾಗಿದ್ದರು; ಸಮಾಜ ಸುಧಾರಣೆಯಲ್ಲಿ ಆಸಕ್ತಿಯುಳ್ಳವರು. ನಾರಾಯಣರಾಯರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜನ್ನು ಸೇರಿದರು. ಆಗ ಅಲ್ಲಿಯ ಪ್ರಿನ್ಸಿಪಾಲರಾಗಿದ್ದವರು ಆಂಗ್ಲ ಕವಿ ವರ್ಡ್ಸ್‌ವರ್ತನ ಮೊಮ್ಮಗನಾದ ವಿಲಿಯಂ ವರ್ಡ್ಸ್‌ವರ್ತ್ ಎಂಬ ವಿದ್ವಾಂಸರು. ಕಡಲೂರಿನ ಹುಡುಗನಿಗೆ ಇಂಗ್ಲಿಷು ಸಾಹಿತ್ಯದ ಒಲವು ಹತ್ತಿದ್ದು ಇಂಥ ಗುರುಗಳ ಕಾಲೇಜಿನಲ್ಲಿ. ಅವರು ಆ ಕಾಲೇಜಿನಲ್ಲಿಯೇ ಕೆಲವು ಕಾಲ ದಕ್ಷಿಣಾ ಫೆಲೋ ಆಗಿದ್ದರು. ಪೇಶವೆಯವರ ಕಾಲದಲ್ಲಿ ಪಂಡಿತರಿಗೆ ಹಂಚುತ್ತಿದ್ದ ದಕ್ಷಿಣೆಯ ಹಣವನ್ನು ಇಂಗ್ಲಿಷ್ ಸರಕಾರವು ಕಾಲೇಜುಗಳ ಬುದ್ಧಿವಂತ ವಿದ್ಯಾರ್ಥಿಗಳ ವೇತನಕ್ಕೆ ತಿರುಗಿಸಿದ್ದಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರೂ ಈ ವೇತನವನ್ನು ಪಡೆದವರೇ. ಓದು ಮುಂದುವರಿಯುತ್ತಿರಲು ನಾರಾಯಣರಾಯರು ಇಂದುಪ್ರಕಾಶವೆಂಬ ಪತ್ರಿಕೆಯ ಇಂಗ್ಲಿಷು ವಿಭಾಗವನ್ನು ಸಂಪಾದಿಸುವ ಹೊಣೆಯನ್ನೂ ಹೊತ್ತರು. ೧೮೮೧ರಲ್ಲಿ ಕಾಯಿದೆಯ ಪದವಿಯನ್ನು ಪಡೆದು ವಕೀಲಿಯನ್ನಾರಂಭಿಸಿದರು. ಹಗಲು ಕೋರ್ಟಿನ ಕೆಲಸ, ಬಿಡುವಿನಲ್ಲಿ ಪತ್ರಿಕೆಯ ಬರವಣಿಗೆ, ಪ್ರಾರ್ಥನಾ ಸಮಾಜದ ಸೇವೆ ಎಂದು ಅವರ ವೇಳೆಯೆಲ್ಲ ಹಂಚಿಹೋಗಿತ್ತು. ಇವರು ದುಡಿಯಲಿಲ್ಲವೆಂದು ಹೇಳುವ ಧೈರ್ಯವು ಯಾರಿಗೂ ಬರಲಾರದು.

ಇನ್ನು ಮುಂದಿನ ಏಳಿಗೆಯನ್ನು ನಾಲ್ಕು ಸಾಲಿನಲ್ಲಿ ಹೇಳಿಬಿಡಬಹುದು. ೧೮೮೫ರಲ್ಲಿ ಇಂಗ್ಲೆಂಡಿನ ಸಾರ್ವತ್ರಿಕ ಚುನಾವಣೆಯ ಸಮಯಕ್ಕೆ ಹಿಂದುಸ್ಥಾನದ ಸ್ಥಿತಿಗತಿಗಳನ್ನು ಅಲ್ಲಿಯ ಜನರಿಗೆ ತಿಳಿಸಲಿಕ್ಕಾಗಿ ಕಳುಹಿಸಿದ ಮೂವರು ಪ್ರತಿನಿಧಿಗಳಲ್ಲಿ ಮುಂಬಯಿಯಿಂದ ಹೋದವರು ಇವರೇ. ಆಗ ಇವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಸಮುದ್ರಯಾನವೆಂದರೆ ಜಾತಿಭ್ರಷ್ಟತೆಯೆಂದು ಎಣಿಸುತ್ತಿದ್ದ ದಿನಗಳವು. ಹೋಗುವುದಕ್ಕೆ ಎದೆಗಾರಿಕೆಯೂ ಬೇಕಾಗಿದ್ದಿತು. ೧೯೦೦ರಲ್ಲಿ ಲಾಹೋರಿನಲ್ಲಿ ಕೂಡಿದ ಕಾಂಗ್ರೆಸ್ಸಿಗೆ ಅಧ್ಯಕ್ಷರಾದರು. ಮರುವರ್ಷವೇ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದರು. ರಾನಡೆಯವರು ತೀರಿಕೊಂಡ ಆ ೧೯೦೧ರಿಂದಲೇ ಪ್ರಾರ್ಥನಾ ಸಮಾಜದ ಮುಂದಾಳುತನವೂ ಇವರ ಪಾಲಿಗೆ ಬಂದಿತು. ಮುಂಬಯಿ ವಿಶ್ವವಿದ್ಯಾನಿಲಯದ ವೈಸ್‌ಚಾನ್ಸಲರರಾದರು. ೧೯೧೦ರಲ್ಲಿ ಸರ್ ಪದವಿಯನ್ನು ಪಡೆದರು. ಆ ಮೇಲೆ ಸ್ವಲ್ಪ ಕಾಲ ಇಂದೂರು ಸಂಸ್ಥಾನದ ಮಂತ್ರಿಗಳಾಗಿದ್ದು ತಿರುಗಿ ಮುಂಬಯಿಗೆ ಬಂದರು.

ಇಷ್ಟನ್ನೇ ಓದಿ ಪುಸ್ತಕವನ್ನು ಮುಚ್ಚಿದವರಿಗೆ ಗಾದೆಯು ಗೆದ್ದಂತೆ ತೋರುವುದು. ಇಂಗ್ಲೆಂಡಿನಲ್ಲಿ ೧೮೫೯ರಲ್ಲಿ ಸ್ಯಾಮುವೆಲ್ ಸ್ಮೈಲ್ಸ್ ಎಂಬವನು ಬರೆದ ಸ್ವಸಹಾಯದ ಪುಸ್ತಕವು ಇಂಥ ಚರಿತ್ರೆಗಳಿಂದಲೇ ತುಂಬಿದೆ. ಬಡವನ ಮಗನು ಪರಿಶ್ರಮದಿಂದ ಯಂತ್ರವನ್ನು ಕಂಡುಹಿಡಿದನು, ಕಾರಖಾನೆಯನ್ನು ಕಟ್ಟಿದನು ಎಂಬವೇ ಆ ಕತೆಗಳು. ಆದರೆ ನಾವು ಮರದ ತುದಿಯಲ್ಲಿರುವವನನ್ನು ನೋಡುವಾಗ ಏಣಿಯನ್ನೂ ನೋಡಬೇಕು. ನಾರಾಯಣರಾಯರಿಗೆ ಅಕ್ಷರಬಲವುಳ್ಳ ಮನೆತನವಿತ್ತು. ರಾಜಧಾನಿಯಲ್ಲಿ ತಳವೂರಿದ ಸೋದರಮಾವನಿದ್ದರು. ಪೇಶವೆಯವರ ದಕ್ಷಿಣೆಯಿಂದ ಬಂದ ವೇತನವಿತ್ತು. ಜಿಲ್ಲೆಯು ಮುಂಬಯಿಗೆ ಸೇರಿದ್ದರಿಂದ ಆ ನಗರವೇ ಅವರ ಭಾಗದ ರಾಜಧಾನಿಯಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಕಾಲೇಜಿನ ಬಾಗಿಲು ಅವರಿಗೆ ತೆರೆದಿತ್ತು. ಅವರ ವಯಸ್ಸಿನ ಎಷ್ಟು ಮಂದಿ ಹಾಲಕ್ಕಿ ಒಕ್ಕಲಿಗರ ಹುಡುಗರು, ಮೊಗೇರರ ಹುಡುಗರು ಅದೇ ಹೊನ್ನಾವರದ ಸುತ್ತಮುತ್ತ ಅದೇ ಶ್ರದ್ಧೆಯಿಂದ ನೇಗಿಲು ಹಿಡಿದಿರಲಿಲ್ಲ, ಬಲೆ ಬೀಸಿರಲಿಲ್ಲ! ಅವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ.

ಹುಡುಗಿಯರ ಮಾತನ್ನಂತೂ ಹೇಳಲೇಬೇಕು, ಇದು ನಮ್ಮ ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಾದುದರಿಂದ. ಚಂದಾವರಕರರು ವಕೀಲಿಯನ್ನು ಪ್ರಾರಂಭಿಸಿದ ಅದೇ ದಶಕದಲ್ಲಿ, ಅದೇ ಮುಂಬಯಿ ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ನಾಸಿಕದಲ್ಲಿ ಹುಟ್ಟಿದ ಒಬ್ಬ ಕ್ರೈಸ್ತ ಕನ್ಯೆಯು ಓದುತ್ತಿದ್ದಳು. ಆಕೆಯೇ ಕೊರ್ನೇಲಿಯಾ ಸೊರಾಬ್ಜಿ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಗಂಡುಹುಡುಗರ ನಡುವೆ ಕುಳಿತು ಓದಿ ಅವರೆಲ್ಲರನ್ನು ಮೀರಿಸಿ ಮೊದಲಿಗಳಾಗಿ ಪದವಿಯನ್ನು ಪಡೆದಳು. ಮೊದಲಿಗನಾದವನಿಗೆ ಇಂಗ್ಲೆಂಡಿನಲ್ಲಿ ಓದಲು ಸರಕಾರದ ವೇತನವು ದೊರಕುವ ಪದ್ಧತಿಯಿತ್ತು. ಹೆಣ್ಣೆಂಬ ಕಾರಣದಿಂದ ಅದನ್ನು ಆಕೆಗೆ ಕೊಡಲಿಲ್ಲ. ಇಂಗ್ಲೆಂಡಿನ ಹಿತಚಿಂತಕರು ಹಣ ಕೂಡಿಸಿಕೊಟ್ಟುದರಿಂದ ೧೮೮೯ರಲ್ಲಿ ಆಕ್ಸಫರ್ಡಿಗೆ ಹೋದಳು. ೧೮೯೨ರಲ್ಲಿ ಅಲ್ಲಿಯ ಕಾಯಿದೆಯ ಪರೀಕ್ಷೆಗೆ ಕುಳಿತ ಮೊದಲನೆಯ ಹೆಂಗಸಾದಳು. ಪರೀಕ್ಷೆಯಾದರೂ ಪದವಿಯ ಕಾಗದವನ್ನು ಆ ವಿಶ್ವವಿದ್ಯಾನಿಲಯವು ಕೊಟ್ಟದ್ದು ಮೂವತ್ತು ವರ್ಷಗಳ ಮೇಲೆ, ೧೯೨೨ರಲ್ಲಿ. ತಿರುಗಿ ಬಂದು ೧೮೯೭ರಲ್ಲಿ ಮುಂಬಯಿಯ ಎಲ್.ಎಲ್.ಬಿ. ಪರೀಕ್ಷೆಯನ್ನೂ ಮುಗಿಸಿದಳು. ಇಷ್ಟಾದರೂ ಕೋರ್ಟಿನಲ್ಲಿ ವಕೀಲಳಾಗಿ ನಿಲ್ಲುವ ಹಕ್ಕು ಆಕೆಗೆ ಇರಲಿಲ್ಲ. ಒಂದೇ ವಿಶ್ವವಿದ್ಯಾನಿಲಯ, ಒಂದೇ ಶಾಸ್ತ್ರ, ಪರಿಶ್ರಮದಲ್ಲಿ ಒಬ್ಬರನ್ನೊಬ್ಬರು ಸರಿಗಟ್ಟುವ ಇಬ್ಬರು. ಒಬ್ಬರು ಪದವಿಯಾದ ಇಪ್ಪತ್ತು ವರ್ಷಗಳಲ್ಲಿ ನ್ಯಾಯಾಸನದ ಮೇಲೆ ಕುಳಿತರು, ಇನ್ನೊಬ್ಬಳು ನ್ಯಾಯಾಲಯದ ಹೊರಗೆ ನಿಂತಳು.

ಈ ಏಣಿಯ ಲೆಕ್ಕವು ಹಳೆಯ ಕಾಲಕ್ಕೆ ಮಾತ್ರ ಸೇರಿದುದೆಂದು ವಾಚಕರು ತಿಳಿಯಬಾರದು. ೨೦೧೮ರಲ್ಲಿ ಪ್ಯಾರಿಸಿನ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯವರು ಹಲವು ದೇಶಗಳನ್ನು ಹೋಲಿಸಿ ಒಂದು ಅಂದಾಜನ್ನು ಪ್ರಕಟಿಸಿದರು. ತೀರ ಕೆಳಗಿನ ಆದಾಯದ ಕುಟುಂಬದಲ್ಲಿ ಹುಟ್ಟಿದವರ ಸಂತತಿಯು ದೇಶದ ಸರಾಸರಿ ಆದಾಯವನ್ನು ಮುಟ್ಟಬೇಕಾದರೆ ಡೆನ್ಮಾರ್ಕಿನಲ್ಲಿ ಎರಡು ತಲೆಮಾರು ಸಾಕಂತೆ. ಭಾರತದಲ್ಲಿ ಏಳು ತಲೆಮಾರು ಬೇಕಂತೆ. ಡೆನ್ಮಾರ್ಕಿನವರು ನಮ್ಮ ಮೀನುಗಾರ್ತಿಯರಿಗಿಂತ ಹೆಚ್ಚು ದುಡಿಯುವವರೆಂದು ಇದರಿಂದ ಊಹಿಸಲು ಬರುವುದಿಲ್ಲ.

ಚಂದಾವರಕರರ ಹಿರಿಮೆಯೇನೆಂದರೆ, ಮೇಲಕ್ಕೆ ಬಂದ ಅನೇಕರಂತೆ ಅವರು ಏಣಿಯನ್ನು ಮರೆಯಲಿಲ್ಲ. ೧೯೦೬ರಲ್ಲಿ ಜಮಖಂಡಿಯಲ್ಲಿ ಹುಟ್ಟಿ ಬೆಳೆದ ವಿಠಲ ರಾಮಜಿ ಶಿಂದೆಯವರು ಅಸ್ಪೃಶ್ಯರೆಂದೆಣಿಸಲ್ಪಟ್ಟವರ ವಿದ್ಯಾಭ್ಯಾಸಕ್ಕೋಸ್ಕರ ಮುಂಬಯಿಯಲ್ಲಿ ಒಂದು ಮಂಡಲಿಯನ್ನು ಸ್ಥಾಪಿಸಿ ಪರಳದಲ್ಲಿ ಶಾಲೆಯನ್ನು ತೆರೆದಾಗ, ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಚಂದಾವರಕರರು ಅದರ ಅಧ್ಯಕ್ಷರಾದರು. ಅಂಥ ಸಂಸ್ಥೆಗೆ ಹೆಸರು ಕೊಡುವುದಕ್ಕೆ ದೊಡ್ಡವರು ಹಿಂಜರಿಯುತ್ತಿದ್ದ ಕಾಲವದು.

ಆ ಪರಳವೆಂದರೆ ಗಿರಣಿಗಳ ಊರು. ವಾಚಕರಲ್ಲಿ ಮುಂಬಯಿಯಲ್ಲಿ ಸಂಸಾರ ಮಾಡಿದವರಿಗೆ ಅಲ್ಲಿಯ ಚಾಳುಗಳ ಪರಿಚಯವಿರಬಹುದು. ರತ್ನಾಗಿರಿ ಮೊದಲಾದ ಕೊಂಕಣ ಸೀಮೆಯಿಂದ ಹಡಗೇರಿ ಬಂದ ರೈತರ ಮಕ್ಕಳು ಒಂದೇ ಕೋಣೆಯ ಬಿಡಾರಗಳಲ್ಲಿ ಒತ್ತಿಕೊಂಡು ಬದುಕುತ್ತ ನೂಲುವ, ನೇಯುವ ಯಂತ್ರಗಳ ಮುಂದೆ ದಿನಗಳೆಯುತ್ತಿದ್ದರು. ಮೊದಮೊದಲು ಸೂರ್ಯನ ಬೆಳಕೇ ಕೆಲಸದ ಗಡಿಯಾರವಾಗಿತ್ತು. ೧೯೦೫ರ ಸುಮಾರಿಗೆ ಗಿರಣಿಗಳಿಗೆ ವಿದ್ಯುದ್ದೀಪಗಳು ಬಂದ ಮೇಲೆ, ವ್ಯಾಪಾರವೂ ಏರಿದ್ದರಿಂದ, ದಿನಕ್ಕೆ ಹದಿನಾಲ್ಕು ಹದಿನೈದು ತಾಸು ದುಡಿಸುವ ಗಿರಣಿಗಳೂ ಉಂಟಾದುವು. ಬೆಳಕು ಹೆಚ್ಚಿದ್ದರಿಂದ ಕೂಲಿಕಾರನ ಬಾಳು ಕತ್ತಲಾಯಿತೆಂದರೆ ತಪ್ಪಾಗಲಾರದು. ಬಟ್ಟೆಯ ಗಿರಣಿಗಳಲ್ಲಿ ಗಂಡಾಳಿನ ಕೆಲಸವು ಹನ್ನೆರಡು ತಾಸಿಗೆ ಮೀರಬಾರದೆಂಬ ಕಾಯಿದೆಯು ೧೯೧೧ರಲ್ಲಿ ಆಯಿತು. ವಾರಕ್ಕೆ ಅರುವತ್ತು ತಾಸಿನ ಮಿತಿಯು ೧೯೨೨ರಲ್ಲಿ. ಗಿರಣಿಯ ಆಳುಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಹೆಂಗಸರಿದ್ದರು. ನೂಲು ಸುತ್ತುವ ಕೆಲಸದಲ್ಲಿ ಮಾಡಿದಷ್ಟಕ್ಕೆ ಮಾತ್ರ ಕೂಲಿ. ಹೆರಿಗೆಗೆ ಹೋದರೆ ಕೂಲಿಯಿಲ್ಲ. ಬಾಣಂತಿಗೆ ಸಂಬಳವನ್ನೀಯುವ ಕಾಯಿದೆಯು ಮುಂಬಯಿಯಲ್ಲಿ ೧೯೨೯ರಲ್ಲಿ ಬಂದಿತು. ಈ ಗಿರಣಿಗಳ ಯಂತ್ರಗಳಿಗೆ ಉಣಿಸುವ ಹತ್ತಿಯಲ್ಲಿ ಕುಮಟೆಯ ಹೆಸರಿನದೂ ಇದ್ದಿತೆಂಬದನ್ನು ನೆನೆಯುವಾಗ ನಮಗೆ ಒಂದು ತರಹದ ಸಂಕಟವಾಗುತ್ತದೆ.

೧೯೧೧ರಲ್ಲಿ ನಾರಾಯಣ ಮಲ್ಹಾರ ಜೋಶಿಯವರು ಈ ಜನರ ನಡುವೆ ಕೆಲಸ ಮಾಡಲಿಕ್ಕಾಗಿ ಸೋಶಿಯಲ್ ಸರ್ವಿಸ್ ಲೀಗ್ ಎಂಬ ಸಮಾಜಸೇವಾ ಸಂಘವನ್ನು ಕಟ್ಟಿದರು. ಅಧ್ಯಕ್ಷಸ್ಥಾನವನ್ನು ವಹಿಸಿಕೊಂಡವರು ಚಂದಾವರಕರರು. ದುಡಿದು ಬಂದವರಿಗೆ ರಾತ್ರಿ ಶಾಲೆಗಳು, ಚಾಳಿನಿಂದ ಚಾಳಿಗೆ ಪುಸ್ತಕದ ಪೆಟ್ಟಿಗೆಗಳನ್ನೊಯ್ಯುವ ಸಂಚಾರಿ ಪುಸ್ತಕ ಭಂಡಾರಗಳು, ಔಷಧಾಲಯಗಳು, ಸಾಹುಕಾರರ ಬಡ್ಡಿಯಿಂದ ಬಿಡಿಸುವ ಸಹಕಾರ ಸಂಘಗಳು, ಇವು ಆ ಸಂಘದ ಕೆಲಸಗಳು. ಹನ್ನೆರಡು ತಾಸು ಯಂತ್ರದ ಮುಂದೆ ನಿಂತು ಬಂದವನು ರಾತ್ರಿ ಕಂದೀಲಿನ ಬೆಳಕಿನಲ್ಲಿ ಅಕ್ಷರಗಳನ್ನು ತಿದ್ದುವುದನ್ನು ನೆನೆಯಿರಿ. ಅವನಿಗೆ ಪರಿಶ್ರಮದ ಮಹಿಮೆಯನ್ನು ಯಾರು ಕಲಿಸಬೇಕು?

ಚಂದಾವರಕರರ ನಂಬಿಕೆಯು ಕೊನೆಯವರೆಗೂ ವಿದ್ಯೆ, ಸದ್ಗುಣ, ಸೌಮ್ಯವಾದ ಸುಧಾರಣೆ ಇವುಗಳಲ್ಲಿಯೇ ಇದ್ದಿತು. ಅವರು ಮಿತವಾದಿಗಳು, ೧೯೧೮ರಲ್ಲಿ ಕಾಂಗ್ರೆಸ್ಸಿನಿಂದ ಬೇರೆಯಾದ ಮಿತವಾದಿಗಳ ಮುಂದಾಳುಗಳಲ್ಲಿ ಒಬ್ಬರು. ಆದರೆ ಕಾಲವು ಸೌಮ್ಯವಾಗಿರಲಿಲ್ಲ. ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ಮುಂಬಯಿಯ ಗಿರಣಿಗಳಿಗೆ ಹಿಂದೆಂದೂ ಬಾರದಷ್ಟು ಲಾಭ ಬಂದಿತು. ಅದೇ ಕಾಲದಲ್ಲಿ ಧಾನ್ಯದ ಬೆಲೆ ಏರಿ ಕೂಲಿಯು ಹಿಂದುಳಿಯಿತು. ೧೯೧೯ರ ಜನವರಿಯಲ್ಲಿ ಒಂದು ಲಕ್ಷಕ್ಕೆ ಮೀರಿದ ಆಳುಗಳು ಕೆಲಸವನ್ನು ಬಿಟ್ಟು ಬೀದಿಗಿಳಿದರು. ಜೋಶಿಯವರು ಅದೇ ವರ್ಷ ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಲನಕ್ಕೆ ಹಿಂದುಸ್ಥಾನದ ಕೂಲಿಕಾರರ ಪ್ರತಿನಿಧಿಯಾಗಿ ಹೋದರು. ಮರುವರ್ಷ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸನ್ನು ಸ್ಥಾಪಿಸಿದವರಲ್ಲಿ ಒಬ್ಬರಾದರು. ರಾತ್ರಿ ಶಾಲೆಯಿಂದ ಹೊರಟ ದಾರಿಯು ಕೂಲಿಕಾರರ ಸಂಘಕ್ಕೆ ಮುಟ್ಟಿತು. ಜೋಶಿಯವರು ಆ ದಾರಿಯಲ್ಲಿ ಹೆಜ್ಜೆಯಿಟ್ಟಷ್ಟು ದೂರ ಚಂದಾವರಕರರು 
ನಡೆಯಲಿಲ್ಲ. ಇದು ಅವರ ಕೊರತೆಯೆಂದು ನಮಗೆ ತೋರುತ್ತದೆ. ಒಬ್ಬೊಬ್ಬನಿಗೆ ಅಕ್ಷರ ಕಲಿಸಿದರೆ ಒಬ್ಬೊಬ್ಬನು ಮೇಲೆ ಬರಬಹುದು. ಲಾಭವನ್ನು ಹಂಚುವಾಗ ಯಾರ ಮಾತು ನಡೆಯಬೇಕೆಂಬ ಪ್ರಶ್ನೆಯು ಅಲ್ಲಿಯೇ ಉಳಿಯುವುದು. ಹಾಗೆಂದು ಆ ರಾತ್ರಿ ಶಾಲೆಗಳನ್ನು ಅಲ್ಪವೆಂದು ಹೇಳಲು ನಮಗೆ ಮನಸ್ಸಿಲ್ಲ. ಓದು ಬಾರದವನು ತನ್ನ ಕೂಲಿಯ ಲೆಕ್ಕವನ್ನು ತಾನೇ ನೋಡಲಾರನಷ್ಟೆ.

ಸಹಕಾರದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಚಂದಾವರಕರರಿಗೆ ಏಣಿಯಾಗಿದ್ದ ಸೋದರಮಾವ ಶಾಮರಾವ್ ವಿಠಲರ ಹೆಸರು ಇಂದಿಗೂ ಒಂದು ಬೇಂಕಿನ ರೂಪದಲ್ಲಿ ಉಳಿದಿದೆ. ಸಹಕಾರ ಸಂಘಗಳ ಕಾಯಿದೆಯು ೧೯೦೪ರಲ್ಲಿ ಜಾರಿಗೆ ಬಂದಿತು. ಶಾಮರಾಯರ ಶಿಷ್ಯರಾದ ಶ್ರೀಪಾದ ಸುಬ್ರಾವ್ ತಲಮಕಿಯವರು ೧೯೦೬ನೆಯ ಇಸವಿ ಡಿಸೆಂಬರ್ ೨೭ರಂದು ದಿವಂಗತ ಗುರುಗಳ ಹೆಸರಿನಲ್ಲಿ ಮುಂಬಯಿಯಲ್ಲಿ ಸಹಕಾರಿ ಪತ್ತಿನ ಸಂಘವನ್ನು ತೆರೆದರು. ಕಾರಕೂನಿಕೆಗೆ ಹೋದ ನಮ್ಮ ಕರಾವಳಿಯ ಹುಡುಗರು ತಿಂಗಳ ಕೊನೆಗೆ ಪಠಾಣನ ಬಡ್ಡಿಗೋ ಮಾರವಾಡಿಯ ಬಡ್ಡಿಗೋ ಸಿಕ್ಕಿಬೀಳದೆ, ಒಬ್ಬರ ಉಳಿತಾಯದಿಂದ ಇನ್ನೊಬ್ಬರ ಕಷ್ಟವನ್ನು ನೀಗಿಸಿಕೊಳ್ಳುವುದಕ್ಕೆ ಇದು ದಾರಿಯಾಯಿತು. ೧೯೧೫ರಲ್ಲಿ ಇದೇ ತಲಮಕಿಯವರು ಮುಂದಾಗಿ ಗಾಮದೇವಿಯಲ್ಲಿ ಸಾರಸ್ವತರ ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದರು. ಒಬ್ಬ ಕಾರಕೂನನು ತನ್ನ ಸಂಬಳದಲ್ಲಿ ಮುಂಬಯಿಯಲ್ಲಿ ಎಂದಿಗೂ ಕಟ್ಟಲಾರದ ಮನೆಯನ್ನು ನೂರು ಕೈಗಳು ಕೂಡಿ ಕಟ್ಟಿದುವು. ಇದು ಒಂದು ಜಾತಿಯವರ ಪರಸ್ಪರ ವಿಶ್ವಾಸದ ಮೇಲೆ ನಿಂತ ಕಾರ್ಯವೆಂಬುದು ನಿಜ. ಹೊರಗಿನವರಿಗೆ ಆ ಬಾಗಿಲು ಮೊದಲಲ್ಲಿ ತೆರೆದಿರಲಿಲ್ಲ. ಆದರೂ ದುಡಿಮೆಯೊಂದೇ ಸಾಲದು, ದುಡಿಮೆಯ ಬೆನ್ನಿಗೆ ಕೂಟವಿರಬೇಕೆಂಬ ಪಾಠವನ್ನು ಮುಂಬಯಿಗೆ ಹೋದ ನಮ್ಮವರು ಇಷ್ಟು ಬೇಗನೆ ಕಲಿತರೆಂಬದು ನಮಗೆ ಹೆಮ್ಮೆಯ ವಿಷಯ. ಈಗ ಊರೂರುಗಳಲ್ಲಿ ಹೆಂಗಸರು ವಾರವಾರ ಕೂಡಿ ನಡೆಸುವ ಸ್ವಸಹಾಯ ಸಂಘಗಳನ್ನು ಕಂಡಾಗ ತಲಮಕಿಯವರ ನೆನಪಾಗದಿರದು.

ಚಂದಾವರಕರರ ಮಗನಾದ ವಿಠಲರೂ ತಂದೆಯಂತೆ ವಿದ್ವಾಂಸರು. ತಂದೆಯಂತೆಯೇ ಮುಂಬಯಿ ವಿಶ್ವವಿದ್ಯಾನಿಲಯದ ವೈಸ್‌ಚಾನ್ಸಲರರಾದರು, ಸರ್ ಪದವಿಯನ್ನು ಪಡೆದರು, ನಗರದ ಮೇಯರರೂ ಆದರು. ಅಷ್ಟೇ ಅಲ್ಲದೆ ೧೯೩೦ರ ದಶಕದಲ್ಲಿ ಮುಂಬಯಿಯ ಗಿರಣಿ ಮಾಲೀಕರ ಸಂಘದ ಅಧ್ಯಕ್ಷರಾದರು. ತಂದೆಯು ಗಿರಣಿಯ ಆಳುಗಳ ಸೇವಾಸಂಘಕ್ಕೆ ಅಧ್ಯಕ್ಷರು, ಮಗನು ಗಿರಣಿಗಳ ಒಡೆಯರ ಸಂಘಕ್ಕೆ ಅಧ್ಯಕ್ಷರು! ಇದರಲ್ಲಿ ಯಾರನ್ನೂ ದೂಷಿಸುವ ಕಾರಣವಿಲ್ಲ, ಮಗನೂ ಶ್ರಮಜೀವಿಯೇ. ಆದರೆ ತಂದೆಯು ಹತ್ತಿ ನಿಂತ ಮೆಟ್ಟಿಲಿನಿಂದ ಮಗನು ಹೊರಟನು. ಅದೇ ಕಾಲದಲ್ಲಿ ನೂಲು ಸುತ್ತುವವಳ ಮಗಳು ಹೊರಟದ್ದು ತಾಯಿಯು ನಿಂತಿದ್ದ ಯಂತ್ರದ ಮುಂದಿನಿಂದಲೇ. ಆ ಗಿರಣಿಗಳೂ ಶಾಶ್ವತವಾಗಲಿಲ್ಲ. ೧೯೮೨ರ ಜನವರಿಯಲ್ಲಿ ಪ್ರಾರಂಭವಾದ ದೊಡ್ಡ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಆಳುಗಳು ಹೊರಬಂದರು. ಬಹುಮಂದಿಗೆ ತಿರುಗಿ ಒಳಗೆ ಹೋಗುವ ಯೋಗ ಬರಲಿಲ್ಲ. ಅನೇಕ ಗಿರಣಿಗಳು ಮುಚ್ಚಿಹೋದುವು, ಅವುಗಳ ನೆಲವು ಮಾತ್ರ ಯಂತ್ರಗಳಿಗಿಂತ ಎಷ್ಟೋ ಪಾಲು ಬೆಲೆಬಾಳಿತು. ಮೂವತ್ತು ವರ್ಷ ನೇಯ್ದವನಿಗೆ ದೊರಕದ ಲಾಭವು ನೆಲವನ್ನು ಹಿಡಿದು ಸುಮ್ಮನೆ ಕುಳಿತವನಿಗೆ ದೊರಕಿತು.

ಇಂಥ ಸಂಪತ್ತಿನ ಒಂದು ಗುರುತು ಚಂದಾವರಕರರ ಕಣ್ಣೆದುರಿನಲ್ಲಿಯೇ ಇದ್ದಿತು. ಅವರು ವೈಸ್‌ಚಾನ್ಸಲರರಾಗಿದ್ದ ವಿಶ್ವವಿದ್ಯಾನಿಲಯದ ರಾಜಾಬಾಯಿ ಗೋಪುರವನ್ನು ಕಟ್ಟಿಸಲು ಹಣ ಕೊಟ್ಟವನು ಪ್ರೇಮಚಂದ ರಾಯಚಂದನೆಂಬ ಹತ್ತಿ ಮತ್ತು ಶೇರಿನ ವ್ಯಾಪಾರಿ. ಗೋಪುರಕ್ಕಿಟ್ಟದ್ದು ಅವನ ತಾಯಿಯ ಹೆಸರು. ಅಮೇರಿಕದ ಯುದ್ಧಕಾಲದಲ್ಲಿ ಹತ್ತಿಯಿಂದ ಕೋಟಿಗಳನ್ನು ಗಳಿಸಿ, ೧೮೬೫ರ ಕುಸಿತದಲ್ಲಿ ಎಲ್ಲವನ್ನೂ ಕಳೆದುಕೊಂಡವನು ಅವನು. ಕುಮಟೆಯ ಬಂದರದಲ್ಲಿ ಅಂಡಿಗೆ ಹೊತ್ತವರ ಬೆವರಿನ ಒಂದು ಹನಿಯಾದರೂ ಆ ಗೋಪುರದ ಗಾರೆಯಲ್ಲಿ ಕಲೆತಿರಬೇಕು.

ಕೊನೆಯ ವರ್ಷಗಳಲ್ಲಿಯೂ ಚಂದಾವರಕರರಿಗೆ ವಿಶ್ರಾಂತಿಯಿರಲಿಲ್ಲ. ಜಲಿಯನವಾಲಾ ಬಾಗಿನ ಹತ್ಯೆಯನ್ನು ಕುರಿತ ಹಂಟರ್ ಸಮಿತಿಯ ವರದಿಯನ್ನು ಖಂಡಿಸಲಿಕ್ಕಾಗಿ ೧೯೨೦ರಲ್ಲಿ ಮುಂಬಯಿಯಲ್ಲಿ ಸೇರಿದ ಸಾರ್ವಜನಿಕ ಸಭೆಗೆ ಅವರು ಅಧ್ಯಕ್ಷರಾಗಿದ್ದರು. ಮಹಾತ್ಮಾ ಗಾಂಧಿಯವರು ಅಲ್ಲಿ ಠರಾವನ್ನು ಮಂಡಿಸಿದರು. ೧೯೨೧ರಲ್ಲಿ ಹೊಸ ಸುಧಾರಣೆಗಳ ಪ್ರಕಾರ ಏರ್ಪಟ್ಟ ಮುಂಬಯಿ ಶಾಸನ ಸಭೆಗೆ ಮೊದಲನೆಯ ಅಧ್ಯಕ್ಷರಾದರು. ಆ ಸ್ಥಾನದಲ್ಲಿರುವಾಗಲೇ ೧೯೨೩ನೆಯ ಇಸವಿ ಮೇ ೧೪ನೆಯ ತಾರೀಖು ಬೆಂಗಳೂರಿನಲ್ಲಿ ದೈವಾಧೀನರಾದರು. ಆಗ ಅವರ ವಯಸ್ಸು ಅರುವತ್ತೇಳು.

ಅದೇ ೧೯೨೩ರಲ್ಲಿ, ಹೆಣ್ಣೆಂಬ ಕಾರಣದಿಂದ ಯಾರನ್ನೂ ವಕೀಲಿಯಿಂದ ದೂರವಿಡಕೂಡದೆಂಬ ಕಾಯಿದೆಯು ಹಿಂದುಸ್ಥಾನದಲ್ಲಿ ಆಯಿತು. ಕೊರ್ನೇಲಿಯಾ ಸೊರಾಬ್ಜಿಯವರು ಮರುವರ್ಷ ಕಲಕತ್ತೆಯಲ್ಲಿ ವಕೀಲಿಯನ್ನಾರಂಭಿಸಿದರು. ಆಗ ಅವರಿಗೆ ಐವತ್ತೇಳು ವರ್ಷ.